ಸ್ವಲ್ಪ ಸರಿದು ಕೂತುಕೊಳ್ಳಿ

ನಾನು ಹುಳಿಗೆ ಒಗ್ಗರಣೆ ಹಾಕುತ್ತಿದ್ದಾಗ ನಡುಮನೆಯಿಂದ ಟಿಕ್ ಟಿಕ್ ಎಂದು ಸದ್ದು ಬಂತು. ಮೊದಲು ಹಲ್ಲಿ ಅಂದುಕೊಂಡೆ. ಹಲ್ಲಿಯಾದರೆ ಒಂದೆರಡು ಸಲ ಲೊಚಗುಟ್ಟಿ ಸುಮ್ಮನಾಗಬೇಕು, ಇದು ನಿಲ್ಲಲೇ ಇಲ್ಲ. ಸೌಟು ಹಿಡಿದುಕೊಂಡೇ ಹೊರಗೆ ಬಂದೆ. ನಮ್ಮ ಯಜಮಾನರು ಕಂಪ್ಯೂಟರಿನ ಡಬ್ಬಕ್ಕೆ ಕಿವಿ ಆನಿಸಿ ನೆಲದ ಮೇಲೆ ಕೂತಿದ್ದರು. ನನ್ನನ್ನು ನೋಡಿ ಡಬ್ಬದ ಕಡೆ ಬೆರಳು ಮಾಡಿದರು. ಒಳಗೆ ಸಾಸಿವೆ ಸೀದು ಹೋದ ವಾಸನೆ ಬಂದರೂ ನಾನು ಅಲ್ಲೇ ನಿಂತಿದ್ದೆ.

ಇವರ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹೆಸರು ಶಿವನಂಜಯ್ಯ. ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಎಂದು ಹೇಳುವ ಕೆಲಸದಲ್ಲಿದ್ದವರು. ಗಂಟಲಲ್ಲಿ ಗಡ್ಡೆ ಎದ್ದು ಆಪರೇಷನ್ ಆಯಿತು. ಗಡ್ಡೆಯ ಜೊತೆಗೆ ಮಾತೂ ಹೋಯಿತು. ಅಷ್ಟರೊಳಗೆ ಬಸ್ ಸ್ಟ್ಯಾಂಡಿಗೆ ಹೊಸ ಯಂತ್ರ ಬಂದಿದ್ದರಿಂದ ಹಳೆಯ ಕಂಪ್ಯೂಟರನ್ನು ಇವರಿಗೇ ಕೊಟ್ಟು, ಹಾರ ಹಾಕಿ ಮನೆಗೆ ಕಳಿಸಿದರು. ಇವರು ಇಷ್ಟು ವರ್ಷ ಹೇಳಿದ್ದೆಲ್ಲ ಅದರೊಳಗಿನ ಡಿಸ್ಕಿನಲ್ಲಿ ಹಾಗೇ ಇತ್ತು.

ಇವರು ಆ ಡಿಸ್ಕಿನಿಂದಲೇ ಮಾತಾಡಲು ಕಲಿತರು. ಹಸಿವಾದರೆ "ಬಸ್ಸು ಹೊರಡಲು ಸಿದ್ಧವಾಗಿದೆ, ಪ್ರಯಾಣಿಕರು ಬೇಗನೆ ಬರಬೇಕಾಗಿ ವಿನಂತಿ" ಎನ್ನುವುದನ್ನು ಹಾಕುತ್ತಾರೆ. ನಾನು ಕಾಫಿ ಕೊಡುವುದು ತಡವಾದರೆ "ತಾಂತ್ರಿಕ ಕಾರಣದಿಂದ ಬಸ್ಸು ಇನ್ನೂ ಬಂದಿರುವುದಿಲ್ಲ." ಜಗಳವಾಗಿ ತಪ್ಪು ತಮ್ಮದು ಎಂದು ಗೊತ್ತಾದಾಗ "ಅಡಚಣೆಗಾಗಿ ವಿಷಾದಿಸುತ್ತೇವೆ." ನನ್ನ ತಮ್ಮ ಮನೆಗೆ ಬಂದ ದಿನವಂತೂ ಬೇಕೆಂದೇ "ಕಿಸೆಗಳ್ಳರಿದ್ದಾರೆ ಎಚ್ಚರಿಕೆ" ಎಂದು ಹಾಕುತ್ತಾರೆ. ಬರೆದು ತೋರಿಸಿ ಎಂದರೆ ಪೆನ್ನು ಎಸೆಯುತ್ತಾರೆ. ಮಾತಾಡಿ ಬದುಕಿದವನು ತಾನು, ಬರೆದು ಬದುಕಿದವನಲ್ಲ ಎಂದು ಅದರ ಅರ್ಥ ಇರಬೇಕು.

ಒಂದು ಕೊರತೆ ನನಗಿತ್ತು, ಯಾರಿಗೂ ಹೇಳಿರಲಿಲ್ಲ. ಡಿಸ್ಕಿನಲ್ಲಿರುವುದು ಇವರ ಬಸ್ ಸ್ಟ್ಯಾಂಡಿನ ದನಿ. ಪ್ರತಿ ಅಕ್ಷರವನ್ನೂ ಇಸ್ತ್ರಿ ಮಾಡಿದ ಹಾಗಿರುತ್ತದೆ. ಮನೆಯಲ್ಲಿ ಇವರ ದನಿ ಬೇರೆಯೇ ಇತ್ತು. ಸ್ವಲ್ಪ ಒರಟು, ಮಾತಿನ ಕೊನೆ ಅರ್ಧ ನುಂಗುವ ಅಭ್ಯಾಸ, ಪುಟ್ಟತಾಯಿ ಎಂದು ನನ್ನನ್ನು ಕರೆಯುವಾಗ ಒಂಥರಾ ಗೊಣಗು. ಅದನ್ನು ಯಾರೂ ಎಲ್ಲೂ ಹಿಡಿದಿಟ್ಟಿರಲಿಲ್ಲ, ನನಗೂ ದಿನದಿನಕ್ಕೆ ಮರೆಯುತ್ತಾ ಬಂದಿತ್ತು. ಆದರೂ ಇಲ್ಲದ್ದಕ್ಕೆ ಅತ್ತು ಏನು ಪ್ರಯೋಜನ, ಇದೊಂದಾದರೂ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಈಗ ಅದೂ ಟಿಕ್ ಟಿಕ್ ಎನ್ನುತ್ತಿತ್ತು.

ಡಿಸ್ಕು ಬಿಚ್ಚಿ ಟವೆಲಿನಲ್ಲಿ ಸುತ್ತಿಕೊಂಡು, ಕಂಪ್ಯೂಟರಿನ ಡಬ್ಬವನ್ನೂ ಹೊತ್ತುಕೊಂಡು ಜಬೀವುಲ್ಲಾನ ಅಂಗಡಿಗೆ ಹೋದೆವು. ನಮ್ಮೂರಲ್ಲಿ ಕಂಪ್ಯೂಟರ್ ರಿಪೇರಿಗೆ ಅವನೊಬ್ಬನೇ. ಅವನು ಡಿಸ್ಕನ್ನು ಕಿವಿಯ ಹತ್ತಿರ ಹಿಡಿದು, ಹಲ್ಲು ಕಚ್ಚಿ ತಲೆಯಾಡಿಸಿದ.

"ಇದರ ಕಥೆ ಮುಗೀತಾ ಬಂತಮ್ಮ. ಇನ್ನೊಂದು ಸಲ ತಿರುಗಬಹುದು, ಅಷ್ಟೇ. ಆ ಒಂದು ಸಲದಲ್ಲೇ ಹೊಸದಕ್ಕೆ ಇಳಿಸ್ಕೊಬೇಕು."

"ಇಳಿಸಪ್ಪ ಹಂಗಾದ್ರೆ. ಅದಕ್ಕೆ ತಾನೆ ಬಂದಿರೋದು."

ಅವನು ಒಳಗಿಂದ ಹೊಸದೊಂದನ್ನು ತಂದು ಮೇಜಿನ ಮೇಲಿಟ್ಟ. ಇಸ್ಪೀಟಿನ ಕಟ್ಟಿನಷ್ಟಿತ್ತು, ಇನ್ನೂ ತೆಳ್ಳಗೆ. ಅಲ್ಲಾಡಿಸಿದರೆ ಸದ್ದಿಲ್ಲ. ಒಳಗೆ ತಿರುಗುವುದು ಏನೂ ಇಲ್ಲವಂತೆ. ಹಳೆಯದರಲ್ಲಿ ಹಿಡಿಯುವುದರ ಕಾಲುಭಾಗವೂ ಇದರಲ್ಲಿ ಹಿಡಿಯುವುದಿಲ್ಲವಂತೆ. ದೊಡ್ಡದು ಕೊಡಪ್ಪ ಎಂದರೆ ದೊಡ್ಡವು ನಮ್ಮೂರಿಗೆ ಬರುವುದು ನಿಂತು ಬಹಳ ದಿನವಾಯಿತು ಎಂದ.

"ಅಲ್ಲ ಕಣಪ್ಪ, ಹಳೇದ್ರಲ್ಲಿ ಇರೋದೇ ಒಂದು ಮೂಲೆಯಷ್ಟು. ಉಳಿದದ್ದೆಲ್ಲ ಖಾಲಿ ಅಂತ ನೀನೇ ಒಂದ್ಸಲ ಹೇಳಿದ್ದೆ. ದೊಡ್ಡ ಡಬ್ಬೀಲಿ ಎರಡು ಹಿಡಿ ಅಕ್ಕಿ ಇದ್ರೆ ಸಣ್ಣ ಡಬ್ಬಿಗೆ ಸುರಿಯೋಕೆ ಏನು ಕಷ್ಟ?"

"ಅಕ್ಕಿ ಆದ್ರೆ ಸುರೀಬಹುದಮ್ಮ. ಇದು ಎಲ್ಲೆಲ್ಲಿ ಕೂತಿದೆಯೋ ಅಲ್ಲಲ್ಲೇ ಇದ್ದ ಹಂಗೇ ಎತ್ಕೊಬೇಕು. ಒಂದು ಈ ತುದೀಲಿ, ಇನ್ನೊಂದು ಆ ತುದೀಲಿ ಕೂತಿದ್ರೆ ನಡುವಿನ ಖಾಲೀನೂ ಲೆಕ್ಕಕ್ಕೆ ಬರುತ್ತೆ. ಎಲ್ಲಾ ಒಂದು ಕಡೆ ಒತ್ತಿ ಕೂತ್ಕೊಂಡ್ರೆ ಮಾತ್ರ ಆಗುತ್ತೆ. ಬೆಂಚು ಒರೆಸ್ತೀನಿ, ಬರೋರು ಬರ್ಲಿ."

ಅಂಗಡಿಯ ಮುಂದಿನ ಗೋಡೆಗೆ ಉದ್ದಕ್ಕೆ ಹಾಕಿದ್ದ ಬೆಂಚನ್ನು ಅವನು ಒರೆಸಿದ. ಎಡತುದಿಯ ಜಾಗ ಯಂತ್ರದ್ದು, ಕಂಪ್ಯೂಟರ್ ಶುರುವಾಗಲು ಬೇಕಾದದ್ದು ಇರುವುದು ಅಲ್ಲೇ, ಯಾರೂ ಕೂರುವಂತಿಲ್ಲ. ಅಲ್ಲಿಗೆ ನನ್ನ ಟವೆಲನ್ನೇ ಮಡಿಸಿ ಇಟ್ಟ. ಹೊಸ ಡಿಸ್ಕಿನಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟಕ್ಕೆ ಸೀಮೆಸುಣ್ಣದಲ್ಲಿ ಬೆಂಚಿನ ಮೇಲೆ ಅಡ್ಡಗೆರೆ ಎಳೆದ. ಗೆರೆ ಬಿದ್ದದ್ದು ಟವೆಲಿನಿಂದ ಸ್ವಲ್ಪವೇ ದೂರದಲ್ಲಿ. ಅದರಿಂದಾಚೆ ಬೆಂಚು ಪಕ್ಕದ ಚಪ್ಪಲಿ ಅಂಗಡಿಯವರೆಗೂ ಉದ್ದಕ್ಕೆ ಹೋಗಿತ್ತು. ಆಮೇಲೆ ಹಳೆಯ ಡಿಸ್ಕಿಗೆ ತಂತಿ ಸಿಕ್ಕಿಸಿ ದೀಪ ಹತ್ತಿಸಿದ.

ದೀಪ ಹತ್ತಿದರೆ ನಮ್ಮೂರಲ್ಲಿ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಆ ಡಿಸ್ಕಿನಲ್ಲಿ ಯಾರದ್ದೆಲ್ಲ ಪಟವೋ ದನಿಯೋ ಬರಹವೋ ಇದೆಯೋ ಅವರ ಮೊಣಕಾಲು ಜುಮ್ಮೆನ್ನುತ್ತದೆ, ಬಂದು ಬೆಂಚಿನ ಮೇಲೆ ಕೂರುವವರೆಗೂ ನಿಲ್ಲುವುದಿಲ್ಲ. ಊಟಕ್ಕೆ ಕೂತವರು ಕೈ ತೊಳೆದು ಎದ್ದುಬರುತ್ತಾರೆ. ಮೇಷ್ಟ್ರು ಪಾಠದ ನಡುವೆ ಹೊರಟರೆ ಮಕ್ಕಳು ಡಿಸ್ಕು, ಡಿಸ್ಕು ಎಂದು ಪಿಸುಗುಟ್ಟುತ್ತವೆ. ಡಿಸ್ಕಿನಲ್ಲಿ ತಮ್ಮದು ಎಲ್ಲಿದೆಯೋ ಬೆಂಚಿನ ಆ ಜಾಗಕ್ಕೇ ಕಾಲು ತಾನಾಗಿ ಹೋಗುತ್ತದೆ. ಎಲ್ಲರೂ ಬಂದ ಮೇಲೆ ಜಬೀವುಲ್ಲಾ "ಸ್ವಲ್ಪ ಸರಿದು ಕೂತ್ಕೊಳ್ಳಿ" ಎನ್ನುತ್ತಾನೆ. ಕೂತಲ್ಲಿಂದ ಏಳದೆ ಎಡಕ್ಕೆ ಜರುಗಬೇಕು. ಎದ್ದರೆ ಅವರದ್ದು ಹೋಯಿತು, ಗೆರೆಯಾಚೆ ಉಳಿದರೂ ಹೋಯಿತು. ಮದುವೆ ವಿಡಿಯೋದ ಡಿಸ್ಕಾದರೆ ಬೀದಿ ತುಂಬ ಜನ, ಬೀಗರು ಬೀಗರು ಒಬ್ಬರ ತೊಡೆಯ ಮೇಲೊಬ್ಬರು. ನಮ್ಮದು ಬಸ್ ಸ್ಟ್ಯಾಂಡಿನದು, ಸಲೀಸಾಗಿ ಮುಗಿಯುತ್ತದೆ ಅಂದುಕೊಂಡಿದ್ದೆ.

ಮೊದಲು ಇವರು ಟವೆಲಿನ ಪಕ್ಕ ಕೂತರು. ಆಮೇಲೆ ಮರಿಸ್ವಾಮಿ ಬಂದರು. ಅವರು ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಆಗಿದ್ದವರು, ಬಸ್ಸಿನ ವೇಳಾಪಟ್ಟಿ ಅವರೇ ಟೈಪ್ ಮಾಡಿದ್ದು. ಅವರ ಹಿಂದೆ ಹಲ್ಲುಪುಡಿ ಅಂಗಡಿಯ ತಾನಾಜಿ ರಾವ್. ಬಸ್ಸುಗಳ ನಡುವೆ ಅವರ ಹಲ್ಲುಪುಡಿಯ ಜಾಹೀರಾತು ಬರುತ್ತಿತ್ತು, ಅವರೇ ಹಾಡಿದ್ದು. ಮೂವರೂ ಜರುಗಿ ಗೆರೆಯ ಈಚೆಗೆ ಬಂದರು, ಇನ್ನೂ ಇಬ್ಬರು ಕೂರುವಷ್ಟು ಜಾಗ ಉಳಿಯಿತು. ನನ್ನ ಮೊಣಕಾಲು ಜುಮ್ಮೆನ್ನಲಿಲ್ಲ. ಬಸ್ ಸ್ಟ್ಯಾಂಡಿನ ಡಿಸ್ಕಿನಲ್ಲಿ ನಾನು ಎಲ್ಲಿಂದ ಇರಲಿ. ಜಬೀವುಲ್ಲಾ ಇನ್ನೇನು ಗುಂಡಿ ಒತ್ತಬೇಕು, ಆಗ ಆ ಹೆಂಗಸು ಬಂದಳು.

ನನ್ನ ವಯಸ್ಸಿನವಳೇ. ಕಂಕುಳಲ್ಲಿ ಸೊಪ್ಪಿನ ಬುಟ್ಟಿ. ಏದುಸಿರು ಬಿಡುತ್ತ ಬಂದು ಬೆಂಚಿನ ಬಲತುದಿಗೆ, ಚಪ್ಪಲಿ ಅಂಗಡಿಗೆ ತಾಗಿಕೊಂಡು, ಕೊಟ್ಟಕೊನೆಯಲ್ಲಿ ಕೂತಳು. ಕೂತು, ಅಬ್ಬ ಎಂದು ಮೊಣಕಾಲು ನೀವಿಕೊಂಡಳು.

ಎಲ್ಲರೂ ಅವಳನ್ನು ನೋಡಿದೆವು. ಜಬೀವುಲ್ಲಾ ಪರದೆ ನೋಡಿದ. "ಅಲ್ಲೇನಿಲ್ಲವಲ್ಲ. ಖಾಲಿ ತೋರಿಸ್ತಿದೆ. ಅಮ್ಮ, ನೀವು ಬೇರೆ ಯಾರದ್ದೋ ಡಿಸ್ಕಿಗೆ ಬಂದಿರಬೇಕು."

"ಇನ್ನೆಲ್ಲಿ ದೀಪ ಹತ್ತೈತೆ ಹೇಳಪ್ಪ, ಅಲ್ಲಿಗೆ ಹೋಯ್ತೀನಿ. ಕಾಲು ಇಲ್ಲಿಗೇ ತಂತು."

ಹೆಸರು ಕೆಂಪಾಜಮ್ಮ ಅಂತೆ. ಸಂತೆಮಾಳದ ಹತ್ತಿರ ಸೊಪ್ಪು ಮಾರುತ್ತಾಳಂತೆ. ಶಿವನಂಜಯ್ಯನವರು ಗೊತ್ತೇ ಎಂದರೆ ದನಿ ಕೇಳಿದ್ದೀನಿ, ಊರಲ್ಲಿ ಯಾರು ಕೇಳಿಲ್ಲ ಎಂದಳು. ನಾನು ಇವರ ಕಡೆ ತಿರುಗಿದೆ.

"ಏನ್ರೀ, ಯಾರ್ರೀ ಈಯಮ್ಮ?"

ಇವರು ಅವಳನ್ನು ಬಹಳ ಹೊತ್ತು ನೋಡಿ ಗೊತ್ತಿಲ್ಲವೆಂದು ತಲೆಯಾಡಿಸಿದರು. ಬಹಳ ಹೊತ್ತು ನೋಡಿದ್ದು ನನಗೆ ಸರಿ ಬರಲಿಲ್ಲ. ಗೊತ್ತಿಲ್ಲದವರನ್ನು ಯಾರಾದರೂ ಅಷ್ಟು ಹೊತ್ತು ನೋಡುತ್ತಾರೆಯೇ? ಮಾತಿರುವ ಗಂಡಸಾದರೆ ಎರಡು ಬೈದು ಬಾಯಿಬಿಡಿಸಬಹುದು. ಮಾತಿಲ್ಲದವರ ಹತ್ತಿರ ಜಗಳವಾಡುವುದು ಎಷ್ಟು ಕಷ್ಟ ಎಂದು ನನ್ನನ್ನು ಕೇಳಿ.

"ಇರ್ಲಿ ಬಿಡಿ" ಎಂದ ಜಬೀವುಲ್ಲಾ. "ಏನಿದ್ರೂ ಇರ್ಲಿ. ಅಮ್ಮ, ಎಡಕ್ಕೆ ಸರೀರಿ. ಈ ಗೆರೆ ಒಳಗೆ ಬನ್ನಿ, ಜಾಗ ಇದೆ."

ಕೆಂಪಾಜಮ್ಮ ಜರುಗಲು ನೋಡಿದಳು. ಬೆಂಚನ್ನು ಎರಡು ಕೈಯಲ್ಲೂ ಹಿಡಿದು ದಮ್ಮು ಕಟ್ಟಿದಳು. ಮುಖದಲ್ಲಿ ಬೆವರು ಬಂತು. ಒಂದಿಂಚೂ ಅಲ್ಲಾಡಲಿಲ್ಲ. ತಾನಾಜಿ ರಾವ್ ಕೂತಲ್ಲಿಂದಲೇ, "ಜೋರಾಗಿ ಜಗ್ಗಬೇಕಮ್ಮ" ಎಂದು ಉಪದೇಶ ಮಾಡಿದರು. ನಾನು ಹೋಗಿ ಅವಳ ರಟ್ಟೆ ಹಿಡಿದು ಎಳೆದೆ. ಗೋಡೆಯನ್ನು ಎಳೆದ ಹಾಗಾಯಿತು.

"ನೀವು ಬೇಕಂತ ಬಿಗಿ ಹಿಡಿದಿದ್ದೀರ" ಎಂದೆ.

"ಅಯ್ಯೋ, ನಂಗೇನು ಬಂದದೆ ಕಣವ್ವ? ಸೊಪ್ಪು ಬಾಡ್ತಾ ಐತೆ ಅಲ್ಲಿ. ಸರಿಯಾಣ ಅಂತ ಹೋದ್ರೆ, ಬ್ಯಾಡ, ಸರೀಬ್ಯಾಡ ಅಂತ ಒಳಗಿಂದ ಯಾರೋ ಹಿಡ್ಕಂಡಂಗಾಯ್ತದೆ. ಯಾರಿಗೋ ಮಾತು ಕೊಟ್ಟಿದ್ದೀನಿ ಅನ್ಸ್ತದೆ. ಯಾರಿಗೆ ಅಂತ ಗ್ಯಾನಕ್ಕೆ ಬರಾಕಿಲ್ಲ."

ಹೊತ್ತು ಹೋಗುತ್ತಿತ್ತು. ಮೇಜಿನ ಮೇಲೆ ಡಿಸ್ಕಿನ ಟಿಕ್ ಟಿಕ್ ಈಗ ಕಟಕ್ ಕಟಕ್ ಆಗಿತ್ತು. ಜಬೀವುಲ್ಲಾ ಮತ್ತೆ ಮತ್ತೆ ಪರದೆ ನೋಡಿದ. ಅವನಿಗೆ ತಲೆಬುಡ ತಿಳಿಯಲಿಲ್ಲ. ಇದ್ದದ್ದು ತೋರಿಸಬೇಕು, ಇಲ್ಲದಿದ್ದರೆ ಮೊಣಕಾಲು ಜುಮ್ಮೆನ್ನಬಾರದು. ಎರಡೂ ಒಟ್ಟಿಗೆ ಹೇಗೆ ಎಂದು ತನ್ನಷ್ಟಕ್ಕೆ ಗೊಣಗಿಕೊಂಡ. ಕೊನೆಗೆ ನನ್ನನ್ನು ಮೂಲೆಗೆ ಕರೆದು ಮೆಲ್ಲಗೆ ಹೇಳಿದ.

"ಗೆರೆ ಒಳಗಿರೋದನ್ನ ಮಾತ್ರ ಇಳಿಸಿಬಿಡ್ತೀನಿ. ಯಜಮಾನರದ್ದು ಪೂರ್ತಿ ಬರುತ್ತೆ. ಆಯಮ್ಮಂದು ಹೋಗುತ್ತೆ. ಅಲ್ಲಿ ಏನೂ ಇಲ್ಲ ಅಂತ ಪರದೇನೇ ಹೇಳ್ತಿದೆಯಲ್ಲ."

ಮೆಲ್ಲಗೆ ಹೇಳಿದ್ದೂ ಕೆಂಪಾಜಮ್ಮನಿಗೆ ಕೇಳಿಸಿತು. "ಏನು ಹೋಯ್ತದೆ ಅಂತ ಗೊತ್ತಿಲ್ದೆ ಹೆಂಗೆ ಬುಡ್ಲಪ್ಪ? ಒಂದು ವ್ಯಾಳೆ ಬೇಕಾದ್ದಾಗಿದ್ರೆ?"

ನಾನು ಒಳ್ಳೆಯವಳೆಂದು ತೋರಿಸಿಕೊಳ್ಳುವುದಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು. ನನ್ನ ಗಂಡ ಮನೆಯಲ್ಲಿ ನೀರು ಕೇಳಲೂ ಆ ಡಿಸ್ಕೇ ಬೇಕು. ಅದು ಹೋದರೆ ಆ ಮನೆಯಲ್ಲಿ ನಾನೊಬ್ಬಳೇ ಮಾತಾಡಿಕೊಂಡಿರಬೇಕು, ನನ್ನ ದನಿ ನನಗೇ ಕೇಳಿಸಿಕೊಂಡು. ಎಲ್ಲಿಂದಲೋ ಬಂದವಳೊಬ್ಬಳ ಇಲ್ಲದ ವಸ್ತುವಿಗೆ ಅದನ್ನು ಕಳೆದುಕೊಳ್ಳಲೇ? "ಕತ್ತರಿಸಪ್ಪ ಜಬೀವುಲ್ಲಾ" ಎಂದೆ. "ಅವರದ್ದೇನಾದ್ರೂ ಹೋದ್ರೆ ಆ ಪಾಪ ನನಗಿರ್ಲಿ. ಒತ್ತು ಗುಂಡಿ."

ಅವನ ಬೆರಳು ಗುಂಡಿಯ ಮೇಲೆ ಹೋಯಿತು. ಆಗ ಮರಿಸ್ವಾಮಿ "ಶಿವನಂಜಯ್ಯ, ಏನ್ ಮಾಡ್ತಿದ್ದೀಯ" ಎಂದು ಕೂಗಿದರು.

ಇವರು ಜರುಗುತ್ತಿದ್ದರು. ಎಡಕ್ಕಲ್ಲ, ಬಲಕ್ಕೆ. ಮರಿಸ್ವಾಮಿಯ ಕಾಲ ಮೇಲೆ, ತಾನಾಜಿ ರಾಯರ ಹೊಟ್ಟೆ ಸವರಿಕೊಂಡು, ಬೆಂಚು ಬಿಡದೆ ಜರುಗಿ ಅವರಿಬ್ಬರನ್ನೂ ದಾಟಿದರು. ಎದುರಿಗೆ ಸೀಮೆಸುಣ್ಣದ ಗೆರೆ. "ರೀ, ಗೆರೆ ರೀ" ಎಂದೆ. ನಿಲ್ಲಲಿಲ್ಲ. ಗೆರೆಯ ಮೇಲೆ ಕೂತು ಒಮ್ಮೆ ಉಸಿರು ತೆಗೆದುಕೊಂಡು ಆಚೆಗೂ ಜರುಗಿದರು. ಬಿಳಿ ಪಂಚೆಗೆ ಸೀಮೆಸುಣ್ಣ ಮೆತ್ತಿಕೊಂಡಿತು.

ಗೆರೆಯಾಚೆ ಇದ್ದಷ್ಟು ಹೊತ್ತೂ ಇವರ ದನಿ ಹೊಸ ಡಿಸ್ಕಿಗೆ ಸೇರಿದ್ದಲ್ಲ. ಅಷ್ಟು ವರ್ಷದ್ದೆಲ್ಲ ಎತ್ತಿಕೊಂಡು ಈ ಮನುಷ್ಯ ಆ ಹೆಂಗಸಿನ ಕಡೆ ಹೋಗುತ್ತಿದ್ದಾರಲ್ಲ, ಹಾಗಾದರೆ ಏನೋ ಇದ್ದೇ ಇದೆ ಎಂದು ಹೊಟ್ಟೆಯೊಳಗೆ ಕಿಚ್ಚು ಹತ್ತಿತು. ಒಂದು ಕಡೆ ಹೆದರಿಕೆ, ಇನ್ನೊಂದು ಕಡೆ ಕೋಪ. ಯಾವುದಕ್ಕೆ ಮೊದಲು ಅಳಬೇಕು ಎಂದೂ ತೋಚಲಿಲ್ಲ. ಖಾಲಿ ಬೆಂಚಿನ ಉದ್ದಕ್ಕೂ ಆ ವಯಸ್ಸಿನಲ್ಲಿ ಕೂಸಿನ ಹಾಗೆ ಕುಂಡೆ ಸರಿಸಿಕೊಂಡು ಇವರು ಹೋಗುವುದನ್ನು ಬೀದಿಯವರೆಲ್ಲ ನಿಂತು ನೋಡಿದರು. ಕೆಂಪಾಜಮ್ಮನ ಪಕ್ಕ ತಲುಪಿ, ಅವಳ ಸೊಪ್ಪಿನ ಬುಟ್ಟಿಯನ್ನು ನೆಲಕ್ಕಿಟ್ಟು, ಅಲ್ಲಿ ಕೂತರು. ಆಮೇಲೆ ನಮ್ಮ ಕಡೆ ತಿರುಗಿ, ತಮ್ಮ ಪಕ್ಕದ ಜಾಗವನ್ನು ಅಂಗೈಯಲ್ಲಿ ಎರಡು ಸಲ ತಟ್ಟಿದರು.

ಯಾರಿಗೂ ಅರ್ಥವಾಗಲಿಲ್ಲ. ಮತ್ತೆ ತಟ್ಟಿದರು, ಈ ಸಲ ಸ್ವಲ್ಪ ಸಿಟ್ಟಿನಿಂದ.

"ಓ" ಎಂದರು ಮರಿಸ್ವಾಮಿ. "ಆಯಮ್ಮನಿಗೆ ಸರಿಯೋಕಾಗಲ್ಲ ಅಂದ್ರೆ ನಾವೇ ಅತ್ಲಾಗೆ ಸರಿಯೋಣ ಅಂತಾನೆ. ಬಸ್ ಸ್ಟ್ಯಾಂಡಲ್ಲೂ ಇದೇ ಬುದ್ಧಿ ಇವನದು. ಯಾರೋ ಒಬ್ರು ಗಂಟುಮೂಟೆ ಹೊತ್ಕೊಂಡು ದೂರದಲ್ಲಿ ಓಡಿ ಬರ್ತಿದ್ರೆ ಬಸ್ ಹೊರಡ್ತು ಅಂತ ಹೇಳ್ತಾನೇ ಇರಲಿಲ್ಲ. ನನಗೂ ಇವನಿಗೂ ದಿನಾ ಜಗಳ."

ಜಬೀವುಲ್ಲಾ ತಲೆಯ ಮೇಲೆ ಕೈ ಹೊತ್ತ. "ಹಂಗೆಲ್ಲ ಆಗಲ್ಲ. ಎಡದಿಂದಾನೇ ಶುರುವಾಗಬೇಕು."

"ಯಾರು ಹೇಳಿದ್ದು?" ಎಂದೆ.

ಅವನು ಯೋಚಿಸಿದ. "ಯಾರೂ ಹೇಳಿಲ್ಲ. ಎಲ್ಲಾರೂ ಎಡಕ್ಕೇ ಸರೀತಾರೆ."

"ಮತ್ತೆ ಇವರು ಬಲಕ್ಕೆ ಸರಿದ್ರಲ್ಲ. ಬೆಂಚೇನು ಮುರೀತಾ?"

ನನಗೆ ಆ ಧೈರ್ಯ ಎಲ್ಲಿಂದ ಬಂತೋ. ಕೋಪ ಇಳಿದಿರಲಿಲ್ಲ, ಆದರೆ ಇವರು ಆಗಲೇ ಅಲ್ಲಿ ಕೂತಾಗಿತ್ತು, ಎದ್ದು ಬರುವ ಹಾಗಿರಲಿಲ್ಲ. ಇವರ ದನಿ ಉಳಿಯಬೇಕಾದರೆ ಇನ್ನು ಅದೊಂದೇ ದಾರಿ. ತಾನಾಜಿ ರಾಯರು ಏದುಸಿರು ಬಿಡುತ್ತ ಜರುಗಿದರು, ದಾರಿಯುದ್ದಕ್ಕೂ ಬೆಂಚಿನ ಚಕ್ಕೆ ಚುಚ್ಚುತ್ತದೆ ಎಂದು ದೂರಿದರು. ಮರಿಸ್ವಾಮಿ ಹಿಂದೆ ಬಂದರು. ಯಂತ್ರದ ಟವೆಲೊಂದು ಎಡತುದಿಯಲ್ಲಿ ಉಳಿಯಿತು. ಅದನ್ನು ಜರುಗಿಸಿದರೆ ಕಂಪ್ಯೂಟರ್ ಏಳುವುದೋ ಇಲ್ಲವೋ ನನಗೆ ಗೊತ್ತಿಲ್ಲ ಎಂದ ಜಬೀವುಲ್ಲಾ. ನನಗೂ ಗೊತ್ತಿಲ್ಲ ಎಂದೆ. ಆಮೇಲೆ ಅವನೇ ಬಿಸ್ಮಿಲ್ಲಾ ಎಂದು ಟವೆಲನ್ನು ಮೇಲೆತ್ತದೆ, ಬೆಂಚಿನ ಮೇಲೆ ತಳ್ಳಿಕೊಂಡು ಹೋಗಿ ಮರಿಸ್ವಾಮಿಯ ಪಕ್ಕ ನಿಲ್ಲಿಸಿದ. ಹಳೆಯ ಗೆರೆ ಅಳಿಸಿ, ಬಲತುದಿಯಿಂದ ಅಳೆದು ಹೊಸ ಗೆರೆ ಎಳೆದ. ಟವೆಲು ಗೆರೆಯನ್ನು ಮುಟ್ಟೀ ಮುಟ್ಟದ ಹಾಗೆ ಒಳಗಿತ್ತು.

ಗುಂಡಿ ಒತ್ತಿದ. ಹಳೆಯ ಡಿಸ್ಕು ಕಟಕಟ ಎಂದು ಒಂದೇ ಸಮನೆ ಬಡಿದುಕೊಂಡಿತು. ಬೆಂಚಿನ ಮೇಲೆ ನಾಲ್ವರೂ ಮಿಸುಕದೆ ಕೂತಿದ್ದರು. ಕೆಂಪಾಜಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ನಾನು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಪರದೆಯ ಮೇಲಿನ ಹಸಿರು ಪಟ್ಟಿ ಆಮೆಯ ಹಾಗೆ ತೆವಳಿ, ಒಂದು ಕಡೆ ನಿಂತೇ ಹೋಗಿ, ಮತ್ತೆ ತೆವಳಿ, ಕೊನೆ ಮುಟ್ಟಿತು. ಅದೇ ಗಳಿಗೆಯಲ್ಲಿ ಹಳೆಯ ಡಿಸ್ಕು ಕೊಂಯ್ ಎಂದು ಸುಮ್ಮನಾಯಿತು. ಮತ್ತೆ ಅದು ತಿರುಗಲಿಲ್ಲ.

"ಏಳಬಹುದು" ಎಂದ ಜಬೀವುಲ್ಲಾ. ಯಾರೂ ಏಳಲಿಲ್ಲ.

ಹೊಸದನ್ನು ನಮ್ಮ ಕಂಪ್ಯೂಟರಿನ ಡಬ್ಬಕ್ಕೆ ಸಿಕ್ಕಿಸಿದ. ಪರದೆ ಕಪ್ಪಗೇ ಇತ್ತು. ಟವೆಲು ಜರುಗಿಸಿದ್ದು ತಪ್ಪಾಯಿತೇನೋ ಎಂದುಕೊಳ್ಳುವಾಗ ಬೆಳಕು ಬಂತು. ಜಬೀವುಲ್ಲಾ ನಕ್ಕ, ತನಗೇ ನಂಬಿಕೆ ಇಲ್ಲದವನ ಹಾಗೆ. ಇಳಿಸಿದ್ದು ಸರಿಯಾಗಿದೆಯೇ ಎಂದು ನೋಡಲು ನಮ್ಮೂರಲ್ಲಿ ಕೊನೆಯ ಜಾಗದ್ದನ್ನು ಮೊದಲು ಹಾಕುತ್ತಾರೆ. ಕೊನೆಯದು ಬಂದಿದ್ದರೆ ಎಲ್ಲವೂ ಬಂದ ಹಾಗೆ. ಅವನು ಅಭ್ಯಾಸಬಲದಿಂದ ಹಾಗೇ ಮಾಡಿದ. ಪರದೆ ಆಗಲೂ ಖಾಲಿ ಎಂದೇ ತೋರಿಸುತ್ತಿತ್ತು.

ಸ್ಪೀಕರಿನಲ್ಲಿ ಮೊದಲು ಏನೋ ಬಿದ್ದ ಸದ್ದು. ಆಮೇಲೆ ಒಬ್ಬ ಹೆಂಗಸಿನ ಅಳು. ಚಿಕ್ಕ ವಯಸ್ಸಿನ ಹೆಂಗಸು.

"ಪ್ರಭಾಕರಾ, ಲೋ ಪ್ರಭಾಕರ, ಎಲ್ಲಿದ್ದೀಯೋ ಮಗ. ನಿಮ್ಮವ್ವ ಇಲ್ಲೇ ಅವ್ಳೆ ಕಣೋ, ಈ ಮೈಕಿನ ತಾವ. ನೀನು ಬರಗಂಟ ನಾನು ಇಲ್ಲಿಂದ ಒಂದಡೀನೂ ಸರಿಯಾ‌ಕಿಲ್ಲ, ಬಾರೋ."

ಬೆಂಚಿನ ಮೇಲೆ ಕೆಂಪಾಜಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. "ನಂದೇ ಕಣವ್ವ ಇದು. ಮಗೀಗೆ ಐದೋ ಆರೋ ವರ್ಸ ಆವಾಗ. ಬಾಳೆಹಣ್ಣಿನ ಗಾಡಿ ಹಿಂದೆ ಸಿಕ್ದ. ಬೆನ್ನಿಗೆ ಎರಡು ಗುದ್ದು ಗುದ್ದಿ ಕರ್ಕಂಡೋದೆ. ಈಗ ಅವನಿಗೇ ಎರಡು ಮಕ್ಳು. ಮರ್ತೇ ಹೋಗಿತ್ತಲ್ಲ ನಂಗೆ."

ಅವಳ ಮಾತು ಮುಗಿಯುವ ಮೊದಲೇ ಸ್ಪೀಕರಿನಲ್ಲಿ ಇನ್ನೊಂದು ದನಿ ಬಂತು. ಸ್ವಲ್ಪ ಒರಟು. ಮಾತಿನ ಕೊನೆ ಅರ್ಧ ನುಂಗಿದ್ದು. ನಾನು ಗೋಡೆ ಹಿಡಿದುಕೊಂಡೆ.

"ಅಳಬೇಡಿ ತಾಯಿ. ಕೂತ್ಕೊಳ್ಳಿ ಇಲ್ಲಿ, ನೀರು ಕುಡೀರಿ. ಸಿಗ್ತಾನೆ, ಎಲ್ಲೂ ಹೋಗಿರಲ್ಲ. ನಮ್ಮನೇಲೂ ಒಬ್ಳಿದ್ದಾಳೆ ನಿಮ್ಮಂಗೆ, ಪುಟ್ಟತಾಯಿ ಅಂತ. ನಾನು ಚೂರು ತಡ ಮಾಡಿದ್ರೆ ಸಾಕು, ಬೀದಿ ತಿರುವಿಗೆ ಬಂದು ನಿಂತಿರ್ತಾಳೆ. ಜನ ನೋಡ್ತಾರೆ ಒಳಗೆ ನಡಿ ಅಂತ ಬೈತೀನಿ. ಬೈಯೋದೇನೋ ಬೈತೀನಿ. ಆದ್ರೆ ಒಂದಿನ ಅವಳು ಅಲ್ಲಿ ಕಾಣ್ಲಿಲ್ಲ ಅಂದ್ರೆ ನನ್ನ ಜೀವ ಬಾಯಿಗೆ ಬರುತ್ತೆ ತಾಯಿ. ಅವಳಿಗೆ ಹೇಳಿಲ್ಲ. ಹೇಳಿದ್ರೆ ಇನ್ನು ಹಿಡಿಯೋಕಾಗಲ್ಲ ಅವಳನ್ನ." ಒಂದು ನಗು. ಆಮೇಲೆ ಗಾಬರಿ. "ಅಯ್ಯೋ ಶಿವನೇ, ಮೈಕ್ ಆನಲ್ಲೇ ಇದೆ."

ಟಪ್ ಎಂದು ಸದ್ದು. ಅಷ್ಟೇ.

ಮರಿಸ್ವಾಮಿ ಕೆಮ್ಮಿದರು. "ಅವತ್ತು ಇಡೀ ಬಸ್ ಸ್ಟ್ಯಾಂಡು ಕೇಳಿಸ್ಕೊಂಡಿತ್ತಮ್ಮ. ಆಫೀಸ್ ಮೈಕಲ್ಲಿ ಮನೆ ಮಾತೇನಯ್ಯ ಅಂತ ನಾನೇ ಬೈದು, ನಿಂತ್ಕೊಂಡು ಇವನ ಕೈಲೇ ಅಳಿಸಿ ಹಾಕಿಸಿದ್ದೆ." ಹೇಳಿ ತಲೆ ತಗ್ಗಿಸಿದರು. "ಅದಕ್ಕೇ ಖಾಲಿ ತೋರಿಸ್ತಿತ್ತು, ಅಳಿಸಿದ್ರೂ ಇದ್ದಲ್ಲೇ ಉಳ್ಕೊಂಡಿದೆ" ಎಂದ ಜಬೀವುಲ್ಲಾ.

ಊರಿಗೆಲ್ಲ ಗೊತ್ತಿದ್ದದ್ದು ನನಗೊಬ್ಬಳಿಗೇ ಗೊತ್ತಿರಲಿಲ್ಲ. ನಾನೇ ಕತ್ತರಿಸಪ್ಪ ಎಂದಿದ್ದೆ, ಪಾಪ ನನಗಿರಲಿ ಎಂದಿದ್ದೆ. ಗುಂಡಿಯ ಮೇಲಿನ ಬೆರಳು ಒಂದು ಗಳಿಗೆ ಮುಂಚೆ ಇಳಿದಿದ್ದರೆ ಎಂದು ನೆನೆದು ಬೀದಿಯ ಮಧ್ಯೆಯೇ ಜೋರಾಗಿ ಅತ್ತುಬಿಟ್ಟೆ. ಕೆಂಪಾಜಮ್ಮ ಬಂದು ಬೆನ್ನು ಸವರಿದಳು. ಈಗ ಅವಳ ಕಾಲು ಸಲೀಸಾಗಿ ಎದ್ದಿತ್ತು. ಆ ತುದಿಯಲ್ಲಿ ಏನಿದೆ ಎಂದು ಇವರಿಗೆ ನೆನಪಿತ್ತೋ, ಅಥವಾ ದೂರದಲ್ಲಿ ಒಬ್ಬರು ಉಳಿದರಲ್ಲ ಎಂದು ಸುಮ್ಮನೆ ಹೋಗಿದ್ದೋ, ನನಗೆ ಗೊತ್ತಿಲ್ಲ. ಆಮೇಲೆ ಎಷ್ಟು ಕೇಳಿದರೂ ಹೌದು ಎನ್ನುವ ಹಾಗೂ ಅಲ್ಲ ಎನ್ನುವ ಹಾಗೂ ತಲೆಯಾಡಿಸುತ್ತಾರೆ.

ಇವರು ಬೆಂಚಿನಿಂದ ಎದ್ದು ಬಂದರು. ಎರಡು ಕಿವಿಯೂ ಕೆಂಪಗಾಗಿದ್ದವು. ನನ್ನ ಮುಖ ನೋಡದೆ ನೇರ ಮೇಜಿಗೆ ಹೋಗಿ ಮೌಸಿನ ಮೇಲೆ ಕೈಯಿಟ್ಟರು. ಆವತ್ತು ಅಳಿಸಿದ್ದೂ ಇದೇ ಕೈ. ಸುತ್ತ ಅಷ್ಟು ಜನ ನಿಂತಿದ್ದಾರೆ, ನಾಚಿಕೆಗೆ ಮತ್ತೆ ಅಳಿಸಿಬಿಡುತ್ತಾರೆ ಎಂದು ಹೆದರಿ ಮುಂದೆ ನುಗ್ಗಿದೆ. "ರೀ, ಬೇಡ ರೀ" ಎಂದೆ.

ಇವರು ಇನ್ನೊಂದು ಕೈ ಚಾಚಿ ಸ್ಪೀಕರಿನ ಮುಖವನ್ನು ಬೀದಿಯ ಕಡೆಗೆ ತಿರುಗಿಸಿದರು. ದನಿಯನ್ನು ಎಷ್ಟು ಏರುತ್ತದೋ ಅಷ್ಟೂ ಏರಿಸಿದರು. ಆಮೇಲೆ ಮೊದಲಿನಿಂದ ಮತ್ತೆ ಹಾಕಿದರು.